‘ಚೆನ್ನಾಗಿದೆ’ ಎಂದರೆ ಸಾಕೇ?



‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಗಾದೆ ಮಕ್ಕಳಿಗಿಂತ ಹೆಚ್ಚಾಗಿ ನಾವು ತೆಗೆದ ಫೋಟೋಗಳಿಗೆ ಒಪ್ಪುತ್ತದೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಹೊಳೆಯ ದಂಡೆಯಲ್ಲಿ ನಿಂತು, ಮುಳುಗುವ ಸೂರ್ಯನನ್ನು ಫೋನಿನಲ್ಲಿ ಹಿಡಿದವನಿಗೆ ಆ ಚಿತ್ರ ಬಲು ಮುದ್ದು. ಅದನ್ನು ನೋಡಿದಾಗಲೆಲ್ಲ ಅವನಿಗೆ ಅಂದಿನ ತಂಪು ಗಾಳಿ, ನೀರಿನ ಸದ್ದು, ಜೊತೆಗಿದ್ದ ಗೆಳೆಯರ ನಗು ಎಲ್ಲವೂ ನೆನಪಾಗುತ್ತವೆ. ಅಲ್ಲಿ ಇರದಿದ್ದ ನಮಗೆ ಕಾಣುವುದು ಒಂದು ಕೆಂಪು ಚುಕ್ಕೆ, ಅದರ ಕೆಳಗೆ ಅರ್ಧ ಕಪ್ಪು ನೆಲ. ಆಗ ನಾವೇನು ಮಾಡುತ್ತೇವೆ? ‘ಛಲೋ ಅದ’ ಎಂದು ಹೇಳಿ ನಮ್ಮ ಕೆಲಸಕ್ಕೆ ಹೋಗಿಬಿಡುತ್ತೇವೆ. ಇಲ್ಲವೇ, ‘ಫೋನಿನಾಗ ಇಷ್ಟೇ ಬರ್ತದ, ಒಂದು ದೊಡ್ಡ ಕ್ಯಾಮೆರಾ ತಗೋ’ ಎಂದು ಬಿಟ್ಟಿ ಸಲಹೆ ಕೊಡುತ್ತೇವೆ.

ಈ ಎರಡೂ ಮಾತುಗಳನ್ನು ಆಡಲು ನಮಗೆ ಏನೂ ಖರ್ಚಿಲ್ಲ. ಆದರೆ ಕೇಳಿಸಿಕೊಂಡವನಿಗೆ ಖರ್ಚಿದೆ. ಮೊದಲನೆಯ ಮಾತಿನಿಂದ ಅವನು ಏನನ್ನೂ ಕಲಿಯುವುದಿಲ್ಲ. ಎರಡನೆಯ ಮಾತಿನಿಂದ ಅವನ ಜೇಬಿಗೆ ಕತ್ತರಿ ಬೀಳುತ್ತದೆ. ಒಬ್ಬರ ಚಿತ್ರವನ್ನು ನೋಡಿ ಸರಿಯಾದ ಮಾತು ಹೇಳುವುದು ಹೇಗೆ? ಹೇಳಿದ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ? ಕ್ಯಾಮೆರಾ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹೇಗೆ? ಈ ತಿಂಗಳು ಇವುಗಳ ಬಗ್ಗೆ ಮಾತನಾಡೋಣ. ಮನೆಯಲ್ಲಿ ಹರೆಯದ ಮಕ್ಕಳಿರುವ ತಂದೆತಾಯಿಗಳು ದಯವಿಟ್ಟು ಕೊನೆಯವರೆಗೂ ಓದಬೇಕು.

ಮುಡುಮಾಲ್ ಕಲ್ಲುಗಳ ಮುಂದೆ

ನಮ್ಮ ಮಕ್ತಲ್ ಸೀಮೆಯಲ್ಲಿ ಚಿತ್ರ ತೆಗೆಯುವವರಿಗೆ ಏನು ಕೊರತೆ? ತಂಗಡಿಯ ಹತ್ತಿರ ಕೃಷ್ಣೆ ಭೀಮೆಯರು ಕೂಡುತ್ತಾರೆ. ರಾಯಚೂರಿನ ದಾರಿ ಹಿಡಿದರೆ ಹೊಳೆಯಾಚೆ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು. ಗದ್ವಾಲಿನ ಕಡೆಗೆ ಹೋದರೆ ಜೂರಾಲ ಅಣೆಕಟ್ಟೆ. ಎಲ್ಲೆಲ್ಲೂ ಒಂದರ ಮೇಲೊಂದು ಏರಿ ಕುಳಿತ ಬಂಡೆಗಳು, ಹತ್ತಿ, ತೊಗರಿ, ಭತ್ತದ ಹೊಲಗಳು. ಇವೆಲ್ಲಕ್ಕೂ ಮಿಗಿಲಾಗಿ ಕೃಷ್ಣಾ ಮಂಡಲದ ಮುಡುಮಾಲ್‌ನಲ್ಲಿ ನಿಂತಿರುವ ಕಲ್ಲುಗಳಿವೆ.

ಮೂರು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣದ ಬಳಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಯಾರೋ ನಮ್ಮ ಪೂರ್ವಿಕರು ಕೃಷ್ಣೆಯ ದಂಡೆಯ ಬಯಲಿನಲ್ಲಿ ಈ ಕಲ್ಲುಗಳನ್ನು ನೆಟ್ಟರು. ದೊಡ್ಡ ಕಲ್ಲುಗಳು 10ರಿಂದ 14 ಅಡಿ ಎತ್ತರ ಇವೆ. ವರ್ಷದ ಅತಿ ದೀರ್ಘ ಹಗಲು ಮತ್ತು ಅತಿ ದೀರ್ಘ ರಾತ್ರಿಯ ದಿನಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಕಲ್ಲುಗಳ ಸಾಲು ಹೊಂದುತ್ತದೆ ಎಂದು ಅಧ್ಯಯನ ಮಾಡಿದವರು ಹೇಳಿದ್ದಾರೆ. ಒಂದು ಕಲ್ಲಿನ ಮೇಲೆ ಕೊರೆದಿರುವ ಸಣ್ಣ ಸಣ್ಣ ಗುಳಿಗಳಲ್ಲಿ ಸಪ್ತರ್ಷಿ ಮಂಡಲವನ್ನು ಅವರು ಗುರುತಿಸಿದ್ದಾರೆ. 2025ರ ಮಾರ್ಚ್ ತಿಂಗಳಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಈ ತಾಣಕ್ಕೂ ಜಾಗ ಸಿಕ್ಕಿತು. ಅಂದಿನಿಂದ ಫೋನು ಹಿಡಿದು ಅಲ್ಲಿಗೆ ಹೋಗುವ ನಮ್ಮ ಹುಡುಗರು ಹೆಚ್ಚಾಗಿದ್ದಾರೆ. ಸಂತೋಷದ ವಿಷಯವೇ.

ಅಂಥ ಒಬ್ಬ ಹುಡುಗ ಒಂದು ಸಂಜೆ ನನ್ನ ಬಳಿ ಬಂದ. ಅಂಗಡಿಯೊಂದರಲ್ಲಿ ಕೆಲಸ, ಕೈಗೆ ಬರುವ ಸಂಬಳ ಅಷ್ಟಕ್ಕಷ್ಟೆ. ಮನೆಯಲ್ಲಿ ತಂಗಿಯ ನರ್ಸಿಂಗ್ ಕಾಲೇಜಿನ ಫೀಸು ಕಟ್ಟುವ ಸಮಯ. ಫೋನಿನಲ್ಲಿ ತೆಗೆದ ಕಲ್ಲುಗಳ ಚಿತ್ರ ತೋರಿಸುತ್ತಾ, ‘ಫಾದರ್, ಇದು ನೋಡ್ರಿ. ಫೋನಿನಾಗ ತೆಗೆದದ್ದು ಫೋಟೋನೇ ಅಲ್ಲ ಅಂತಾರ ನಮ್ಮ ಗೆಳೆಯರು. ಕಂತಿನ ಮ್ಯಾಲ ಒಂದು ಕ್ಯಾಮೆರಾ ತಗೋಬೇಕಂತ ಮಾಡೀನಿ’ ಎಂದ.

ನಾನು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದೆ. ನಡು ಮಧ್ಯಾಹ್ನದ ಬಿಸಿಲು, ಬಿಳಿಚಿಕೊಂಡ ಆಕಾಶ. ಉದ್ದಕ್ಕೆ ಹರಡಿದ ಬಯಲು, ಅದರ ನಡುವೆ ಕೆಲವು ಗೆರೆಗಳಂತೆ ಕಲ್ಲುಗಳು.

‘ಈ ಕಲ್ಲು ಎಷ್ಟು ಎತ್ತರ ಅವ ತಮ್ಮಾ?’ ಎಂದು ಕೇಳಿದೆ.

‘ನನ್ನ ಎರಡರಷ್ಟು ಎತ್ತರ ಅವ ಫಾದರ್!’

‘ಹೌದಾ? ನನಗ ಹೊಲದಾಗ ನೆಟ್ಟ ಗೂಟ ಕಂಡಂಗ ಕಂಡ್ವು.’

ಅವನ ಮುಖ ಸ್ವಲ್ಪ ಸಪ್ಪಗಾಯಿತು. ಮರುಕ್ಷಣವೇ ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡಿ, ‘ಖರೇನ ಫಾದರ್, ಗೂಟ ಕಂಡಂಗೇ ಕಾಣ್ತಾವ’ ಎಂದು ನಕ್ಕ. ಆಮೇಲೆ ನಮ್ಮ ಮಾತು ಕ್ಯಾಮೆರಾದ ಕಡೆಗೆ ಹೋಗಲೇ ಇಲ್ಲ. ಯಾವ ಹೊತ್ತಿಗೆ ಹೋಗಿದ್ದೆ, ಎಲ್ಲಿ ನಿಂತಿದ್ದೆ, ಏನು ತೋರಿಸಬೇಕೆಂದಿದ್ದೆ ಎಂಬ ಕಡೆಗೆ ಹೋಯಿತು.

ತಪ್ಪು ಯಾವುದರದು?

ಪ್ರಕೃತಿಯ ಚಿತ್ರಗಳಲ್ಲಿ ಕಾಣುವ ದೋಷಗಳನ್ನು ಎರಡು ಗುಂಪು ಮಾಡಬಹುದು. ಕೆಲವು ಹೊತ್ತು, ಜಾಗ ಮತ್ತು ತಾಳ್ಮೆಗೆ ಸೇರಿದವು. ಕೆಲವು ನಿಜವಾಗಿಯೂ ಕ್ಯಾಮೆರಾಕ್ಕೆ ಸೇರಿದವು. ಅಭಿಪ್ರಾಯ ಹೇಳುವವರು ಇವೆರಡನ್ನೂ ಬೇರೆ ಮಾಡಿ ಹೇಳಿದರೆ ಅದೇ ದೊಡ್ಡ ಉಪಕಾರ.

ಮುಡುಮಾಲ್ ಚಿತ್ರವನ್ನೇ ನೋಡೋಣ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಕಲ್ಲಿಗೆ ನೆರಳೇ ಇರುವುದಿಲ್ಲ. ನೆರಳಿಲ್ಲದಿದ್ದರೆ ಅದರ ದಪ್ಪ, ಒರಟುತನ ಯಾವುದೂ ಕಣ್ಣಿಗೆ ತಿಳಿಯುವುದಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟಿದ ಅರ್ಧ ಗಂಟೆಯೊಳಗೆ ಹೋದರೆ ಬೆಳಕು ಪಕ್ಕದಿಂದ ಬೀಳುತ್ತದೆ, ಉದ್ದುದ್ದ ನೆರಳುಗಳು ಮಲಗಿರುತ್ತವೆ. ಗುಳಿಗಳಿರುವ ಕಲ್ಲಿಗೂ ಇದೇ ಮಾತು. ಪಕ್ಕದ ಬೆಳಕಿನಲ್ಲಿ ಒಂದೊಂದು ಗುಳಿಯೂ ತಾನಾಗಿ ಎದ್ದು ಕಾಣುತ್ತದೆ, ಇಲ್ಲವಾದರೆ ಒಂದು ಟಾರ್ಚನ್ನು ಓರೆಯಾಗಿ ಹಿಡಿದರೂ ಸಾಕು. ಚಿತ್ರ ಚೆನ್ನಾಗಿ ಬರಲೆಂದು ಗುಳಿಗಳಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬುವುದು, ಕಲ್ಲಿನ ಮೇಲೆ ಹತ್ತುವುದು ಖಂಡಿತ ಬೇಡ. ಹೊಲದೊಳಗೆ ಕಾಲಿಡುವ ಮುನ್ನ ರೈತರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಇನ್ನು ಫೋನಿನಲ್ಲಿ 0.5 ಎಂದು ಬರೆದ ಗುಂಡಿ ಇರುತ್ತದಲ್ಲ, ಅದು ಅಗಲ ನೋಟದ ಲೆನ್ಸು. ಅದರಲ್ಲಿ ಹತ್ತಿರದ್ದು ದೊಡ್ಡದಾಗಿ, ದೂರದ್ದು ತೀರಾ ಚಿಕ್ಕದಾಗಿ ಕಾಣುತ್ತದೆ. ಇಡೀ ಬಯಲನ್ನು ಒಂದೇ ಚಿತ್ರದಲ್ಲಿ ತುಂಬುವ ಆಸೆಯಿಂದ ದೂರ ನಿಂತು ಅದನ್ನು ಒತ್ತಿದರೆ 14 ಅಡಿಯ ಕಲ್ಲೂ ಗೂಟವಾಗುತ್ತದೆ. ಅದರ ಬದಲು ಒಂದೇ ಕಲ್ಲಿನ ಹತ್ತಿರ ಹೋಗಿ, ಮೊಣಕಾಲೂರಿ ಕೆಳಗಿನಿಂದ ನೋಡಬೇಕು. ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಎತ್ತರದ ಲೆಕ್ಕ ನೋಡುವವರಿಗೆ ತಾನಾಗಿ ಸಿಗುತ್ತದೆ. ಈ ಯಾವುದಕ್ಕೂ ಒಂದು ರೂಪಾಯಿ ಬೇಕಿಲ್ಲ.

ಜೂರಾಲದ ಹಿನ್ನೀರಿನಲ್ಲಿ ದೂರದ ಹಕ್ಕಿಯ ಚಿತ್ರ ತೆಗೆದು, ಅದು ಕಲಸಿದ ಬಣ್ಣದಂತೆ ಬಂದಿದೆ ಎಂದುಕೊಳ್ಳಿ. ಇಲ್ಲಿ ಫೋನಿನದೇ ಮಿತಿ ಇದೆ. ಫೋನನ್ನು ಎಷ್ಟು ಹಿಗ್ಗಿಸಿದರೂ ಒಂದು ಹಂತದ ನಂತರ ಅದು ಇರುವ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುತ್ತದೆ, ಹೊಸ ವಿವರ ಸಿಗುವುದಿಲ್ಲ. ಆ ಕೆಲಸಕ್ಕೆ ದೂರದ್ದನ್ನು ಹತ್ತಿರ ತರುವ ಉದ್ದನೆಯ ಲೆನ್ಸೇ ಬೇಕು. ಹಾಗೆಯೇ ಕತ್ತಲಾದ ಮೇಲೆ ಹೊಳೆ, ನಕ್ಷತ್ರ ತೆಗೆಯಬೇಕೆಂದರೆ ಅಲುಗದೆ ನಿಲ್ಲುವ ಒಂದು ಟ್ರೈಪಾಡ್ ಬೇಕು. ಹೊಸ ಕ್ಯಾಮೆರಾಕ್ಕಿಂತ ಅದು ಎಷ್ಟೋ ಅಗ್ಗ.

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎನ್ನುತ್ತಾರೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳೂ ಉಂಟು. ಡೊಂಕು ಯಾವಾಗ ನೆಲದ್ದು, ಯಾವಾಗ ಕಾಲಿನದು ಎಂದು ತಿಳಿಯಲು ಮತ್ತೊಬ್ಬರ ಕಣ್ಣು ಬೇಕಾಗುತ್ತದೆ.

ದೊಡ್ಡವರೂ ಹೀಗೆಯೇ ಕಲಿತರು

ನಮ್ಮ ಸೀಮೆಯೆಲ್ಲ ನಿಜಾಮರ ಆಳ್ವಿಕೆಯಲ್ಲಿದ್ದಾಗ ಹೈದರಾಬಾದಿನ ಆಸ್ಥಾನದ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಗಾಜಿನ ಫಲಕ, ಭಾರವಾದ ಪೆಟ್ಟಿಗೆಯಂಥ ಕ್ಯಾಮೆರಾ ಹೊತ್ತುಕೊಂಡು ಅವರು ಕೋಟೆ, ಕೆರೆ, ಬೆಟ್ಟಗಳ ಚಿತ್ರ ತೆಗೆದರು. ಇಂದು ನಮ್ಮ ಹುಡುಗರ ಜೇಬಿನಲ್ಲಿರುವ ಫೋನಿನ ಸೌಕರ್ಯದ ನೂರನೇ ಒಂದು ಪಾಲೂ ಅವರಿಗೆ ಇರಲಿಲ್ಲ. ಆದರೂ ಅವರ ಚಿತ್ರಗಳನ್ನು ಇಂದಿಗೂ ಜನ ನಿಂತು ನೋಡುತ್ತಾರೆ.

ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಹೆಸರನ್ನು ನಮ್ಮ ನಾಡಿನ ಛಾಯಾಗ್ರಾಹಕರು ಗೌರವದಿಂದ ನೆನೆಯುತ್ತಾರೆ. 1953ರಲ್ಲಿ ಹುಟ್ಟಿದ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಪ್ರಮುಖರು. ವನ್ಯಜೀವಿ ಛಾಯಾಗ್ರಹಣದಲ್ಲಿ ಜಗತ್ತಿನಾದ್ಯಂತ ಹೆಸರಾದ ಟಿ. ಎನ್. ಎ. ಪೆರುಮಾಳ್ (1932–2017) ಅವರಿಗೆ ಮಾರ್ಗದರ್ಶನ ಮಾಡಿದವರೂ ಅವರೇ. ಮುಂದೆ ಪೆರುಮಾಳ್ ತಾವೂ ಅನೇಕ ಕಿರಿಯರಿಗೆ ಗುರುಗಳಾದರು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳ ಮುಖ್ಯ ಕೆಲಸವೇ ಇದು: ಸದಸ್ಯರು ಒಟ್ಟಿಗೆ ಕೂರುವುದು, ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವುದು, ಇದ್ದದ್ದನ್ನು ಹೇಳುವುದು. ನಮ್ಮೂರಲ್ಲಿ ಅಂಥ ಸಂಘ ಇಲ್ಲದಿರಬಹುದು. ಆದರೆ ಮನೆಯ ಜಗಲಿ ಇದೆ, ಊಟದ ಹೊತ್ತು ಇದೆ.

ಅಮೆರಿಕದ ಆನ್ಸೆಲ್ ಆ್ಯಡಮ್ಸ್ ಅವರ ಒಂದು ಪ್ರಸಿದ್ಧ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1941ರಲ್ಲಿ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಹತ್ತಿರ ತೆಗೆದದ್ದು. ಮೇಲೆ ಚಂದ್ರ, ಕೆಳಗೆ ಚಿಕ್ಕ ದೇವಾಲಯ, ಸಮಾಧಿಗಳ ಮೇಲಿನ ಬಿಳಿ ಶಿಲುಬೆಗಳು. ಬೆಳಕು ಅಳೆಯುವ ಮೀಟರು ಆ ಅವಸರದಲ್ಲಿ ಅವರ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಲೆಕ್ಕ ನೆನಪಿನಲ್ಲಿದ್ದುದರಿಂದ ಅದರ ಮೇಲೆಯೇ ಅಂದಾಜು ಮಾಡಿ ಒಂದೇ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಆ ಚಿತ್ರ ಹೆಸರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಮುದ್ರಿಸುತ್ತಾ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸಿದರು. ತಮ್ಮ ಅತ್ಯುತ್ತಮ ಚಿತ್ರವನ್ನೇ ಅವರು ಪುನಃ ಪುನಃ ಹೊಸ ಕಣ್ಣಿನಿಂದ ನೋಡಿದರು ಎಂಬುದು ನಮಗೆ ಪಾಠ.

ಹೇಳುವವರಿಗೆ

ಮೊದಲನೆಯದಾಗಿ, ಬಾಯಿ ತೆರೆಯುವ ಮುನ್ನ ಅರ್ಧ ನಿಮಿಷ ಚಿತ್ರವನ್ನು ನೋಡಿ. ಅರ್ಧ ನಿಮಿಷ ಎಂದರೆ ಎಷ್ಟು ದೀರ್ಘ ಎಂದು ಆಗ ತಿಳಿಯುತ್ತದೆ!

ಎರಡನೆಯದಾಗಿ, ತೀರ್ಪು ಕೊಡುವ ಮುನ್ನ ಕಂಡದ್ದನ್ನು ಹೇಳಿ. ‘ನನ್ನ ಕಣ್ಣು ಮೊದಲು ಆ ವಿದ್ಯುತ್ ಕಂಬದ ಮೇಲೆ ಹೋಯಿತು’, ‘ಹೊಳೆ ಎಡಕ್ಕೆ ಇಳಿಜಾರಾಗಿ ಕಾಣುತ್ತಿದೆ’ ಎಂಬ ಮಾತುಗಳಿಂದ ತೆಗೆದವನಿಗೆ ತನ್ನ ಚಿತ್ರ ಬೇರೆಯವರ ಕಣ್ಣಿನಲ್ಲಿ ಹೇಗಿದೆ ಎಂದು ಗೊತ್ತಾಗುತ್ತದೆ. ಇದನ್ನು ಹೇಳಲು ಛಾಯಾಗ್ರಹಣ ಕಲಿತಿರಬೇಕಿಲ್ಲ. ಅಜ್ಜಿಯೂ ಹೇಳಬಲ್ಲಳು.

ಮೂರನೆಯದಾಗಿ, ಒಳ್ಳೆಯದನ್ನು ಹೆಸರಿಟ್ಟು ಹೇಳಿ. ‘ಚೆನ್ನಾಗಿದೆ’ ಎಂದರೆ ಅವನಿಗೆ ಏನೂ ತಿಳಿಯದು. ‘ನೀರಿನ ಮೇಲೆ ಬಂಡೆಯ ನೆರಳು ಬಿದ್ದಿರುವುದು ಚೆನ್ನಾಗಿದೆ’ ಎಂದರೆ ಮುಂದಿನ ಸಲ ನೆರಳನ್ನು ಹುಡುಕುತ್ತಾನೆ.

ನಾಲ್ಕನೆಯದಾಗಿ, ತಿದ್ದಬೇಕಾದದ್ದು ಹತ್ತು ಇದ್ದರೂ ಒಂದೇ ಒಂದನ್ನು ಹೇಳಿ. ಅದು ಅವನ ಕೈಲಾಗುವಂಥದ್ದಾಗಿರಲಿ, ಮತ್ತು ನಾಲ್ಕು ಜನರ ಮುಂದೆ ಬೇಡ, ಒಬ್ಬನೇ ಇದ್ದಾಗ ಹೇಳಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾವನೊಬ್ಬ ತಮಾಷೆಗೆ ಆಡಿದ ಒಂದು ಮಾತಿನಿಂದ ಚಿತ್ರ ತೆಗೆಯುವುದನ್ನೇ ಬಿಟ್ಟ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ಕೊನೆಯದಾಗಿ, ಹತ್ತು ಚಿತ್ರಗಳನ್ನಾದರೂ ನೋಡದೆ ಕ್ಯಾಮೆರಾದ ಮಾತು ಎತ್ತಬೇಡಿ. ಹತ್ತರಲ್ಲೂ ಒಂದೇ ದೋಷ ಮರುಕಳಿಸಿ, ಅದು ಉಪಕರಣದ್ದೇ ಎಂದು ಖಚಿತವಾದರೆ ಮಾತ್ರ ಹೇಳಿ.

ಕೇಳುವವರಿಗೆ

ಚಿತ್ರ ತೋರಿಸಿದ ಕೂಡಲೇ ‘ಅಂದು ಮೋಡ ಇತ್ತು, ಬಸ್ಸು ಹೊರಟಿತ್ತು, ಕೈ ನಡುಗಿತು’ ಎಂದು ವಿವರಣೆ ಶುರು ಮಾಡಬೇಡಿ. ಚಿತ್ರ ಗೋಡೆಯ ಮೇಲೆ ತೂಗುವಾಗ ನೀವು ಪಕ್ಕದಲ್ಲಿ ನಿಂತು ವಿವರಿಸಲು ಆಗುವುದಿಲ್ಲ. ‘ಹೆಂಗದ?’ ಎಂದು ಕೇಳಿದರೆ ‘ಛಲೋ ಅದ’ ಎಂಬ ಉತ್ತರವೇ ಬರುತ್ತದೆ. ‘ನಿಮಗ ಇದರಾಗ ಮೊದಲು ಏನು ಕಂಡಿತು?’ ಎಂದು ಕೇಳಿ ನೋಡಿ, ಬೇರೆಯೇ ಉತ್ತರ ಬರುತ್ತದೆ.

ಮೂರು ಬಗೆಯ ಜನರಿಗೆ ತೋರಿಸಿ. ಚಿತ್ರಕಲೆ ಬಲ್ಲವರೊಬ್ಬರು, ಆ ಜಾಗ ಬಲ್ಲವರೊಬ್ಬರು, ಎರಡನ್ನೂ ಅರಿಯದವರೊಬ್ಬರು. ಜಾಗ ಬಲ್ಲವರನ್ನು ಬಿಡಲೇಬಾರದು. ಫೋನಿನಲ್ಲಿ ಬಣ್ಣ ಏರಿಸಿದ ಚಿತ್ರವೊಂದನ್ನು ರೈತರೊಬ್ಬರಿಗೆ ತೋರಿಸಿದಾಗ, ‘ಇದು ನಮ್ಮ ಹೊಲ ಅಲ್ಲ ಬಿಡ್ರಿ, ನಮ್ಮದು ಎರಿ ಭೂಮಿ, ನೇರಳೆ ಬಣ್ಣದ ಮಣ್ಣು ಎಲ್ಲೈತಿ?’ ಎಂದರು. ಯಾವ ತಜ್ಞರೂ ಅದಕ್ಕಿಂತ ಸರಿಯಾಗಿ ಹೇಳಲಾರರು.

ಬಂದ ಮಾತನ್ನೆಲ್ಲ ಒಪ್ಪಬೇಕೆಂದೇನೂ ಇಲ್ಲ. ಒಂದು ವಾರ ಬಿಟ್ಟು ಚಿತ್ರವನ್ನು ಮತ್ತೆ ನೋಡಿ. ಇಬ್ಬರು ಬೇರೆ ಬೇರೆಯಾಗಿ ಒಂದೇ ಕಡೆ ಬೆರಳು ತೋರಿಸಿದ್ದರೆ ಅಲ್ಲಿ ಏನೋ ಇದೆ. ಒಬ್ಬರೇ ಹೇಳಿದ್ದು, ನಿಮ್ಮ ಮನಸ್ಸಿಗೂ ಹಿಡಿಸದಿದ್ದರೆ, ‘ಉಪಕಾರವಾಯಿತು’ ಎಂದು ಹೇಳಿ ನಿಮ್ಮ ದಾರಿಯಲ್ಲಿ ನೀವು ಮುಂದುವರಿಯಿರಿ.

ಕ್ಯಾಮೆರಾ ಕೊಳ್ಳಲೇಬೇಕೆಂದರೆ

ಮೊದಲು ಎಷ್ಟು ದೊಡ್ಡ ಚಿತ್ರ ಬೇಕು ಎಂದು ಕೇಳಿಕೊಳ್ಳಿ. ಎ4 ಹಾಳೆಯ ಅಳತೆಗೆ ಸ್ಪಷ್ಟವಾಗಿ ಮುದ್ರಿಸಲು ಸುಮಾರು 87 ಲಕ್ಷ ಚುಕ್ಕೆಗಳು, ಅಂದರೆ 9 ಮೆಗಾಪಿಕ್ಸೆಲ್ ಸಾಕು. ಇಂದಿನ ಸಾಮಾನ್ಯ ಫೋನುಗಳಲ್ಲೂ 12 ಇರುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಮುದ್ರಣಕ್ಕೆ ಕೊಡುವಾಗ ‘ಡಾಕ್ಯುಮೆಂಟ್’ ಎಂದು ಕಳಿಸಿ. ಎಷ್ಟೋ ಸಲ ‘ಫೋನು ಸರಿಯಿಲ್ಲ’ ಎಂಬ ದೂರಿಗೆ ಕಾರಣ ಇಷ್ಟೇ.

ದೂರದ ಹಕ್ಕಿ, ನಸುಗತ್ತಲಿನ ಹೊಳೆ, ಗೋಡೆಯಗಲದ ಮುದ್ರಣ ಇವೇ ನಿಮ್ಮ ಆಸೆಯಾದರೆ ಕ್ಯಾಮೆರಾ ಬೇಕು, ತಪ್ಪೇನಿಲ್ಲ. ಕಂಪನಿಗಳ ಹೊಸ ಮಾದರಿಗಳು ಈಗ ಹೆಚ್ಚಾಗಿ ಮಿರರ್‌ಲೆಸ್. ಹೀಗಾಗಿ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತವೆ. ಕೊಳ್ಳುವ ಮುನ್ನ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಕಟ್ಟಿದೆಯೇ ನೋಡಿ. ಶಟರ್ ಎಷ್ಟು ಸಾವಿರ ಸಲ ಓಡಿದೆ ಎಂದು ಕೇಳಿ. ಬಿಳಿ ಗೋಡೆಯ ಚಿತ್ರ ತೆಗೆದು ಕಪ್ಪು ಚುಕ್ಕೆಗಳಿವೆಯೇ ಪರೀಕ್ಷಿಸಿ. ಸಾಧ್ಯವಾದರೆ ಪರಿಚಯದವರಿಂದಲೋ ಬಾಡಿಗೆಗೋ ನಾಲ್ಕು ದಿನ ತಂದು ಬಳಸಿ. ಆ ಭಾರವನ್ನು ಬಿಸಿಲಿನಲ್ಲಿ ಹೊತ್ತು ನಡೆಯುವ ಮನಸ್ಸು ಇದೆಯೇ ಇಲ್ಲವೇ ಎಂದು ನಾಲ್ಕು ದಿನಗಳಲ್ಲಿ ತಿಳಿಯುತ್ತದೆ. ಮತ್ತು ಮನೆಯವರೊಂದಿಗೆ ಕುಳಿತು ಲೆಕ್ಕ ಹಾಕಿ. ಕಂತು ಕಟ್ಟುವವರು ನೀವೊಬ್ಬರೇ ಅಲ್ಲ, ಇಡೀ ಮನೆ.

ಮುಡುಮಾಲ್ ಚಿತ್ರ ತಂದಿದ್ದ ಹುಡುಗ ಡಿಸೆಂಬರಿನ ಒಂದು ಚಳಿಯ ಬೆಳಿಗ್ಗೆ ಅದೇ ಫೋನು ಹಿಡಿದು ಮತ್ತೆ ಹೋದ. ಈ ಸಲ ಒಂದೇ ಕಲ್ಲು, ಅದರ ಪಕ್ಕದಲ್ಲಿ ಕಂಬಳಿ ಹೊದ್ದ ಅವನ ಗೆಳೆಯ, ಹೊಲದ ತುದಿಯವರೆಗೂ ಚಾಚಿದ ನೆರಳು. ಅದನ್ನು ನೋಡಿದ ಅವನ ಅಜ್ಜಿ, ‘ಯವ್ವಾ, ಇಷ್ಟು ಎತ್ತರ ಅವೇನು? ಆ ಕಾಲದಾಗ ಹೆಂಗ ಎತ್ತಿ ನಿಲ್ಲಿಸಿದ್ರೋ’ ಎಂದಳಂತೆ. ಅವನಿಗೆ ಬೇಕಾಗಿದ್ದ ಮಾತು ಅದೇ. ತಂಗಿಯ ಫೀಸು ಸಮಯಕ್ಕೆ ಸರಿಯಾಗಿ ಕಟ್ಟಿದ್ದಾಯಿತು. ಕ್ಯಾಮೆರಾದ ಆಸೆಯೇನೂ ಹೋಗಿಲ್ಲ, ಜೂರಾಲದ ಹಕ್ಕಿಗಳ ಮೇಲೆ ಅವನ ಕಣ್ಣಿದೆ. ಅದಕ್ಕಾಗಿ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದಾನೆ.

ಇನ್ನೊಂದು ಮಾತು. ಈ ನೆಲದ ನೋಟಗಳು ಹೀಗೆಯೇ ಉಳಿಯುತ್ತವೆ ಎಂದು ಹೇಳಲಾಗದು. ಹೊಲ ಮಾಡಲು ಕಿತ್ತ ಕಲ್ಲುಗಳು, ಒಡೆದು ಜಲ್ಲಿಯಾದ ಬಂಡೆಗಳು ಮತ್ತೆ ಬರುವುದಿಲ್ಲ. ಇಂದು ನಮ್ಮ ಮಕ್ಕಳು ತೆಗೆಯುವ ಚಿತ್ರ ನಾಳೆ ದಾಖಲೆಯಾಗಬಹುದು. ಆದ್ದರಿಂದ ಒಳ್ಳೆಯ ಚಿತ್ರವೊಂದನ್ನು ಮುದ್ರಿಸಿ, ಹಿಂದೆ ಊರು ಮತ್ತು ದಿನಾಂಕ ಬರೆದು ಇಡಿ. ಇಂದು ರಾತ್ರಿ ನಿಮ್ಮ ಮಗನೋ ಮಗಳೋ ಫೋನು ಚಾಚಿ ‘ನೋಡಪ್ಪಾ’ ಎಂದಾಗ ಟಿವಿಯ ಸದ್ದು ತಗ್ಗಿಸಿ, ಕನ್ನಡಕ ಹಾಕಿಕೊಂಡು, ಅರ್ಧ ನಿಮಿಷ ನೋಡಿ. ಆಮೇಲೆ ಕಂಡದ್ದನ್ನು ಹೇಳಿ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.